ಡಿಕ್ಲರೇಶನ್‌ನಲ್ಲಿ ಹೋದ ಜಾಗದಲ್ಲಿ ನಮ್ಮ ಮೂಲ ನಾಗಬನವಿದೆ: ಆ ಮನೆಗೆ ಯಾವ ಮುಖ ಹೊತ್ತು ಹೋಗಲಿ?

ಪ್ರಶ್ನೆ: ಮುಂಬಯಿಯ ಓದುಗ

ಎಲ್ಲರಿಗೂ ನಮಸ್ಕಾರ.

ಉಡುಪಿ ಜಿಲ್ಲೆಯ ಒಳಭಾಗದ ಒಂದು ಗ್ರಾಮ ನಮ್ಮ ಮೂಲ. ನಾನು ಏಳನೆಯ ತರಗತಿ ಮುಗಿಸಿದ ವರ್ಷ ನಮ್ಮ ಮನೆಯವರು ಊರು ಬಿಟ್ಟು ಮುಂಬಯಿ ಸೇರಿದರು. ಈಗ ನನಗೆ ಅರವತ್ತರ ಹತ್ತಿರದ ವಯಸ್ಸು. ಮದುವೆ, ಉತ್ತರಕ್ರಿಯೆಗಳಿಗೆಂದು ಉಡುಪಿ, ಮಂಗಳೂರಿನವರೆಗೆ ಬಂದು ಹೋಗಿದ್ದುಂಟು. ಆದರೆ ಉಡುಪಿಯಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿಯಾದ ಆ ಊರಿಗೆ ನಮ್ಮಲ್ಲಿ ಯಾರೂ ಕಾಲಿಡಲಿಲ್ಲ. ಅಜ್ಜ ಇರುವಷ್ಟು ಕಾಲ ಆ ಊರಿನ ಹೆಸರೆತ್ತಲು ಹೆದರುತ್ತಿದ್ದೆವು, ಅವರು ತೀರಿಕೊಂಡ ಮೇಲೆ ಹೆಸರೆತ್ತದಿರುವುದೇ ರೂಢಿಯಾಯಿತು.

ಕಾರಣವನ್ನು ಕರಾವಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮದು ಗೇಣಿ ಬರುತ್ತಿದ್ದ ಮನೆ. ಮನೆಯೆದುರಿನ ಬೈಲುಗದ್ದೆಗಳ ಬೇಸಾಯವನ್ನು ಅಜ್ಜ ಆಳುಗಳಿಂದ ಮಾಡಿಸುತ್ತಿದ್ದರು; ಮೇಲಿನ ಮಜಲು ಮತ್ತು ಬೆಟ್ಟುಗದ್ದೆಗಳು ಮೂರು ಒಕ್ಕಲುಮನೆಗಳಲ್ಲಿ ಚಾಲಗೇಣಿಗೆ, ಅಂದರೆ ಖಾಯಂ ಅಲ್ಲದ ಗೇಣಿಗೆ, ಇದ್ದವು. ಭೂಸುಧಾರಣಾ ಕಾಯ್ದೆಗೆ 1974ರ ತಿದ್ದುಪಡಿ ಬಂದಾಗ ಎರಡು ಮನೆಯವರು ಬೇಗನೆ ಡಿಕ್ಲರೇಶನ್, ಅಂದರೆ ಗೇಣಿಯ ಭೂಮಿ ತಮಗೆ ಸೇರಬೇಕೆಂಬ ಅರ್ಜಿ, ಕೊಟ್ಟರು. ಮೂರನೆಯ ಮನೆಯ ಹಿರಿಯರು ತಾವು ಕೊಡುವುದಿಲ್ಲವೆಂದು ಚಾವಡಿಯಲ್ಲಿ ನಿಂತು ಅಜ್ಜನಿಗೆ ಮಾತು ಕೊಟ್ಟಿದ್ದರಂತೆ. ವಾಯಿದೆ ಮುಗಿಯುವ ಹೊತ್ತಿಗೆ ಅವರೂ ಕೊಟ್ಟರು. ಭೂಮಿ ಹೋದದ್ದಕ್ಕಿಂತ ಆ ಮಾತು ಹೋದದ್ದೇ ಅಜ್ಜನನ್ನು ಕಂಗೆಡಿಸಿತು ಎಂಬುದು ನಮ್ಮ ಮನೆಯಲ್ಲಿ ನಡೆದು ಬಂದ ಕಥೆ. ಆ ಅರ್ಜಿಗಳನ್ನು ತೀರ್ಮಾನಿಸುವ ಭೂ ಟ್ರಿಬ್ಯೂನಲಿನ ಆದೇಶವಾದ ಮರುವರ್ಷ, ಉಳಿದ ಗದ್ದೆಗಳನ್ನೂ ಮನೆಯನ್ನೂ ಹೊರಗಿನವರೊಬ್ಬರಿಗೆ ಮಾರಿ, ಅಜ್ಜ ನಮ್ಮನ್ನೆಲ್ಲ ಕರೆದುಕೊಂಡು ಹೊರಟರು.

ಈ ವಿಷಯ ಈಗ ಎದ್ದಿರುವುದು ನನ್ನ ತಂಗಿಯಿಂದ. ಅವಳ ಮನೆಯಲ್ಲಿ ಕೆಲವು ವರ್ಷಗಳಿಂದ ಒಂದಲ್ಲ ಒಂದು ಕಷ್ಟ. ಜ್ಯೋತಿಷಿಗಳಲ್ಲಿ ಪ್ರಶ್ನೆ ಇಟ್ಟು ನೋಡಿದಾಗ ತವರಿನ ಮೂಲ ನಾಗನಿಗೆ ಸೇವೆ ನಿಂತುಹೋಗಿದೆ, ಆ ಸ್ಥಳಕ್ಕೇ ಹೋಗಿ ತನು (ಹಾಲು, ಸೀಯಾಳದ ಅಭಿಷೇಕ) ಹಾಕಿ ತಂಬಿಲ (ನಾಗನ ಪೂಜೆ) ಕೊಡಬೇಕು ಎಂದು ಕಂಡುಬಂತಂತೆ. ನನಗೆ ಇದರಲ್ಲಿ ಎಷ್ಟು ನಂಬಿಕೆಯಿದೆ ಎಂದು ಕೇಳಿದರೆ ಹೇಳುವುದು ಕಷ್ಟ; ತಂಗಿಗೆ ಇದೆ, ನನಗೆ ಅಷ್ಟು ಸಾಕು. ತೊಡಕಿರುವುದು ಬೇರೆ ಕಡೆ. ಆ ಬನವಿರುವುದು ಮೂರನೆಯ ಒಕ್ಕಲುಮನೆಯ ಹಿಂಬದಿಯ ಗುಡ್ಡದ ಬುಡದಲ್ಲಿ, ಅಂದರೆ ಈಗ ಅವರದೇ ಭೂಮಿಯಲ್ಲಿ.

ತಂಗಿಗೂ ಗೊತ್ತಿಲ್ಲದ ಒಂದು ಸಂಗತಿಯನ್ನು ಇಲ್ಲಿ ಬರೆಯದಿದ್ದರೆ ನಿಮಗೆ ಸಲಹೆ ಕೊಡಲು ಸಾಧ್ಯವಾಗದು. ಆ ಮನೆಯವರು ಡಿಕ್ಲರೇಶನ್ ಕೊಟ್ಟ ಮೇಲಿನ ಬೇಸಿಗೆಯಲ್ಲಿ, ಬಿಸು (ಸೌರ ಯುಗಾದಿ) ಕಳೆದ ಕೆಲವು ದಿನಗಳಿಗೆ, ಗದ್ದೆಯ ಅಂಚಿನಲ್ಲಿದ್ದ ನಮ್ಮ ಬಾವಿಗೆ ಅಜ್ಜ ಮುಳ್ಳಿನ ಬೇಲಿ ಹಾಕಿಸಿದರು. ಬೆಟ್ಟಿನ ಮೇಲಿದ್ದ ಅವರಿಗೆ ಬೇರೆ ಬಾವಿ ಇರಲಿಲ್ಲ. ಮಳೆ ಹಿಡಿಯುವವರೆಗೆ ಆ ಮನೆಯ ಹೆಂಗಸರು ಬತ್ತಿದ ತೋಡಿನಲ್ಲಿ ಗುಂಡಿ ತೋಡಿ, ಒರತೆಯ ನೀರನ್ನು ಚಿಪ್ಪಿನಲ್ಲಿ ಮೊಗೆದು ಕೊಡಕ್ಕೆ ತುಂಬಿಸಿಕೊಳ್ಳುವುದನ್ನು ನಾನು ಶಾಲೆಗೆ ಹೋಗುವಾಗ ನೋಡುತ್ತಿದ್ದೆ. ಮಳೆಗಾಲದಲ್ಲಿ ಅದೇ ತೋಡು ತುಂಬಿ ಹರಿಯುವಾಗ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ದಾಟಿಸುತ್ತಿದ್ದವರು ಆ ಮನೆಯ ಹಿರಿಯರೇ. ನಮ್ಮ ಮನೆಯಲ್ಲಿ ಹೇಳಿಕೊಂಡು ಬಂದ ಕಥೆಯಲ್ಲಿ ಮಾತು ತಪ್ಪಿದ ಒಕ್ಕಲು ಇದ್ದಾರೆ, ಬೇಲಿ ಹಾಕಿದ ಬಾವಿ ಇಲ್ಲ.

ಆ ಮನೆಯಲ್ಲಿ ಈಗ ಯಾರಿದ್ದಾರೆಂದು ಕೂಡ ನನಗೆ ತಿಳಿಯದು. ಪುರೋಹಿತರನ್ನು ಕರೆದುಕೊಂಡು ನೇರವಾಗಿ ಹೋಗಬಹುದೇ, ಅಥವಾ ಊರಿನ ಯಾರ ಮೂಲಕವಾದರೂ ಹೇಳಿಸಬೇಕೇ? ಬನಕ್ಕೆ ಹೋಗುವ ಹಕ್ಕು ಎಂಬುದು ನಮಗೆ ಉಳಿದಿದೆಯೇ? ಬಾವಿಯ ವಿಷಯವನ್ನು ನಾನಾಗಿ ಎತ್ತಬೇಕೇ? ಇಂಥ ಸ್ಥಿತಿಯಲ್ಲಿ ಊರಿಗೆ ಮರಳಿದವರು, ಅದಕ್ಕಿಂತ ಮುಖ್ಯವಾಗಿ ಹಾಗೆ ಮರಳಿದವರನ್ನು ಬರಮಾಡಿಕೊಂಡ ಮನೆಯವರು ಇಲ್ಲಿದ್ದರೆ ದಯವಿಟ್ಟು ಬರೆಯಿರಿ.

ಉತ್ತರ: ನಿವೃತ್ತ ಗ್ರಾಮಕರಣಿಕ

ಹಕ್ಕಿನ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ. ಅದು ಮುಖ್ಯವಾದುದೆಂದಲ್ಲ, ಅದನ್ನು ತಲೆಯಲ್ಲಿಟ್ಟುಕೊಂಡು ಹೋದರೆ ನಿಮ್ಮ ಮಾತಿನ ಧಾಟಿಯೇ ಕೆಡುತ್ತದೆ.

ನಿಮ್ಮ ಅಜ್ಜನ ಕಥೆಯಲ್ಲಿ ಕಾನೂನಿನ ಮಟ್ಟಿಗೆ ಒಂದು ದೊಡ್ಡ ತೂತಿದೆ. ಕರ್ನಾಟಕ ಭೂಸುಧಾರಣಾ ಕಾಯ್ದೆ 1961ರದ್ದು. ದೇವರಾಜ ಅರಸರ ಕಾಲದ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಆ ದಿನ ಯಾವ ಭೂಮಿ ಗೇಣಿಯಲ್ಲಿತ್ತೋ ಅದು ಒಡೆಯನಿಂದ ಬಿಟ್ಟು ಸರಕಾರಕ್ಕೆ ಸೇರಿತು. ಕಾಯ್ದೆಯ 44ನೆಯ ಕಲಮು ಹೇಳುವುದು ಇದನ್ನೇ. ಗೇಣಿದಾರನು ಫಾರಂ ನಂಬರ್ 7, ಅಂದರೆ ನೀವು ಹೇಳುವ ಡಿಕ್ಲರೇಶನ್, ತುಂಬಿಸಿ ಕೊಟ್ಟದ್ದು ನಿಮ್ಮ ಅಜ್ಜನಿಂದ ಭೂಮಿಯನ್ನು ಪಡೆಯಲಿಕ್ಕಲ್ಲ, ಸರಕಾರದ ಪಾಲಾಗಿದ್ದ ಭೂಮಿಯಲ್ಲಿ ತನ್ನನ್ನು ಅಧಿಭೋಗದಾರನೆಂದು (ಭೂಮಿಯ ಹಕ್ಕುಳ್ಳವನೆಂದು) ನೋಂದಾಯಿಸಿಕೊಳ್ಳಲಿಕ್ಕೆ. ಅರ್ಜಿಯ ವಾಯಿದೆಯನ್ನು ಹಲವು ಸಲ ಮುಂದೂಡಿ, ಕೊನೆಗೆ 1979ರ ಜೂನ್ 30ಕ್ಕೆ ನಿಲ್ಲಿಸಿದರು. ಆ ಮನೆಯವರು ಮಾತಿಗೆ ಕಟ್ಟುಬಿದ್ದು ಸುಮ್ಮನಿದ್ದಿದ್ದರೆ ಕಾನೂನಿನ ಪ್ರಕಾರ ಭೂಮಿ ನಿಮ್ಮ ಅಜ್ಜನಿಗೇನೂ ಮರಳುತ್ತಿರಲಿಲ್ಲ, ಅವರ ಕೈಯಿಂದ ಮಾತ್ರ ತಪ್ಪುತ್ತಿತ್ತು. ವಾಸ್ತವದಲ್ಲಿ ಅರ್ಜಿ ಬಾರದ ಎಷ್ಟೋ ಜಾಗ ಒಡೆಯರ ಹೆಸರಿನಲ್ಲೇ ಉಳಿಯಿತು ಎಂಬುದು ನಿಜ. ಎಲ್ಲ ಕಡೆ ಒಡೆಯರು ಒಕ್ಕಲುಗಳಿಂದ ಅಂಥ ಮಾತು ತೆಗೆದುಕೊಳ್ಳುತ್ತಿದ್ದುದು ಅದಕ್ಕಾಗಿಯೇ. ಧಣಿಯ ಚಾವಡಿಯಲ್ಲಿ, ಧಣಿಯ ಎದುರು ನಿಂತು ಒಕ್ಕಲು ಕೊಟ್ಟ ಮಾತಿನಲ್ಲಿ ಎಷ್ಟು ಮನಸ್ಸಿತ್ತು, ಎಷ್ಟು ಹೆದರಿಕೆಯಿತ್ತು ಎಂಬುದನ್ನು ನೀವೇ ಯೋಚಿಸಿ.

ಹೊರಡುವ ಮೊದಲು ಮಾಡಬೇಕಾದ ಕೆಲಸವೊಂದಿದೆ. ಸರ್ವೆ ನಂಬರ್ ಗೊತ್ತಿದ್ದರೆ ಪಹಣಿಯನ್ನು ಮುಂಬಯಿಯಲ್ಲಿ ಕುಳಿತೇ ಅಂತರಜಾಲದಲ್ಲಿ ನೋಡಬಹುದು. ಒಂಬತ್ತನೆಯ ಕಾಲಮಿನಲ್ಲಿ ಈಗಿನ ಒಡೆತನ ಯಾರದೆಂದು ಸಿಗುತ್ತದೆ. ಟ್ರಿಬ್ಯೂನಲಿನ ಮೂಲಕ ಬಂದ ಭೂಮಿಯನ್ನು ಹದಿನೈದು ವರ್ಷ ಪರಭಾರೆ ಮಾಡುವಂತಿರಲಿಲ್ಲ. ಆ ಅವಧಿ ಮುಗಿದು ಎಷ್ಟೋ ಕಾಲವಾಗಿರುವುದರಿಂದ ಜಾಗ ಪಾಲಾಗಿರಬಹುದು, ಮಾರಾಟವಾಗಿರಬಹುದು. ಯಾರ ಮನೆಯ ಬಾಗಿಲಿಗೆ ಹೋಗಬೇಕೆಂದೇ ತಿಳಿಯದೆ ಹೊರಡುವುದು ಸರಿಯಲ್ಲ. ಸಾಧ್ಯವಾದರೆ ತಾಲೂಕು ಕಚೇರಿಯ ದಾಖಲೆ ಕೋಣೆಯಿಂದ ಟ್ರಿಬ್ಯೂನಲ್ ಕಡತದ ದೃಢೀಕೃತ ಪ್ರತಿಗೆ ಅರ್ಜಿ ಹಾಕಿ. ಅದರಲ್ಲಿ ಫಾರಂ ನಂಬರ್ 7, ಎರಡು ಕಡೆಯವರ ಹೇಳಿಕೆ, ಆದೇಶ, ನಕ್ಷೆ ಇರುತ್ತವೆ. ನಕ್ಷೆಯಲ್ಲಿ ಬನದ ಜಾಗವನ್ನು ಬಿಟ್ಟು ಉಳಿದುದನ್ನು ಕೊಟ್ಟಿದ್ದಾರೆಯೇ, ಅಥವಾ ಬನ ಕುಮ್ಕಿಯಲ್ಲಿದೆಯೇ (ಕೃಷಿಭೂಮಿಗೆ ತಾಗಿದ ಸರಕಾರಿ ಜಾಗದಲ್ಲಿದೆಯೇ) ಎಂದು ನೋಡಿ. ನಿಮ್ಮ ಅಜ್ಜನ ಹೇಳಿಕೆಯನ್ನೂ ಓದಿ. ನನ್ನ ನೌಕರಿಯ ಕಾಲದಲ್ಲಿ ಇಂಥ ಕಡತಗಳನ್ನು ಸಾಕಷ್ಟು ತೆರೆದಿದ್ದೇನೆ. ಮನೆಯಲ್ಲಿ ದೊಡ್ಡ ದ್ರೋಹವೆಂದು ಹೇಳುತ್ತ ಬಂದ ಪ್ರಕರಣದಲ್ಲಿ, ಒಡೆಯರು ಟ್ರಿಬ್ಯೂನಲಿನ ಮುಂದೆ ತಾವೇ ಗೇಣಿಯನ್ನು ಒಪ್ಪಿ ಸಹಿ ಹಾಕಿದ್ದನ್ನು ಕಂಡಿದ್ದೇನೆ. ಅದಕ್ಕೆ ತದ್ವಿರುದ್ಧವಾಗಿ, ಅವರು ನಮ್ಮ ಒಕ್ಕಲೇ ಅಲ್ಲ, ಕೂಲಿಯಾಳು ಎಂದು ಬರೆಸಿದ್ದನ್ನೂ ಕಂಡಿದ್ದೇನೆ. ನಿಮ್ಮ ಕಡತದಲ್ಲಿ ಎರಡನೆಯದು ಇದ್ದರೆ ಅದು ಆ ಮನೆಯವರಿಗೆ ಖಂಡಿತ ನೆನಪಿರುತ್ತದೆ. ನೀವು ಮೊದಲೇ ತಿಳಿದುಕೊಂಡಿರುವುದು ಒಳ್ಳೆಯದು.

ಬನಕ್ಕೆ ಹೋಗುವ ದಾರಿಯ ಹಕ್ಕು, ರೂಢಿಯ ಹಕ್ಕು ಎಂದು ವಕೀಲರು ಹೇಳಿಯಾರು. ವಾದಿಸಲು ಅವಕಾಶವಿದೆ. ಹಾಗೆ ವಾದಿಸಿ ಪಡೆದ ದಾರಿಯಲ್ಲಿ ನಡೆದು ಹೋಗಿ ತನು ಹಾಕುವುದು ನಿಮ್ಮ ತಂಗಿಗೆ ಬೇಕೇ ಎಂದು ಅವರನ್ನೇ ಕೇಳಿ.

ಉತ್ತರ: ಒಕ್ಕಲುಮನೆಯವಳು

ಬರಮಾಡಿಕೊಂಡ ಮನೆಯವರು ಬರೆಯಬೇಕೆಂದು ಕೇಳಿದ್ದೀರಿ. ನಾನು ಅಂಥ ಮನೆಯ ಮೊಮ್ಮಗಳು. ಊರು ಬೇರೆ, ಕಥೆ ಹೆಚ್ಚುಕಡಿಮೆ ಒಂದೇ.

ಮೊದಲು ಆ ಕಡೆಯ ಲೆಕ್ಕವನ್ನು ಸ್ವಲ್ಪ ಕೇಳಿ. ಮೂಲಗೇಣಿಯವರಿಗೆ ಗೇಣಿಯೂ ಭೂಮಿಯೂ ಖಾಯಂ ಆಗಿದ್ದವು. ಚಾಲಗೇಣಿಯವರನ್ನು ಒಡೆಯರು ಬೇಡವೆಂದಾಗ ಎಬ್ಬಿಸಬಹುದಿತ್ತು. ನನ್ನ ಅಜ್ಜ ತಾನಿದ್ದ ಜಾಗದಲ್ಲಿ ಒಂದು ತೆಂಗಿನ ಸಸಿಯನ್ನೂ ನೆಡಲಿಲ್ಲ, ಅದು ಫಲ ಕೊಡುವಾಗ ತಾನು ಅಲ್ಲಿರುತ್ತೇನೆಂಬ ಧೈರ್ಯ ಅವರಿಗಿರಲಿಲ್ಲ. ಮಳೆಗಾಲದ ಏಣಿಲು ಬೆಳೆ ಕೊಯ್ದು, ಭತ್ತ ಕುಟ್ಟಿ, ಅಕ್ಕಿಯ ಮುಡಿ ಕಟ್ಟಿ ಧಣಿಗಳ ಮನೆಯಂಗಳಕ್ಕೆ ಹೊರಬೇಕು. ಒಂದು ಮುಡಿಗೆ ಮೂರು ಕಳಸೆ, ನಲವತ್ತೆರಡು ಸೇರು. ಅಲ್ಲಿ ಮುಡಿ ಬಿಚ್ಚಿ ಅಳೆಯುವ ಸೇರು ಅವರದು, ಅಳೆಯುವ ಕೈಯೂ ಅವರದು. ಹಬ್ಬಕ್ಕೆ ಬಾಳೆಗೊನೆ, ಸೌತೆ, ಕುಂಬಳದ ಬುಳೆಕಾಣಿಕೆ ಬೇರೆ. ಮಳೆ ಕೈಕೊಟ್ಟ ವರ್ಷ ಗೇಣಿ ಬಾಕಿಯಾದರೆ ಅದು ಮರುವರ್ಷದ ತಲೆಯ ಮೇಲೆ ಕೂರುತ್ತಿತ್ತು. ಕೊಟ್ಟ ಗೇಣಿಗೆ ರಶೀದಿ ಇರಲಿಲ್ಲ, ಕೇಳುವ ಬಾಯಿಯೂ ಇರಲಿಲ್ಲ. ಟ್ರಿಬ್ಯೂನಲಿನಲ್ಲಿ ಗೇಣಿಗೆ ಪುರಾವೆ ಏನು ಎಂದು ಕೇಳಿದಾಗ ಅಜ್ಜನ ಹತ್ತಿರ ಇದ್ದುದು ನೆರೆಮನೆಯ ಇಬ್ಬರ ಸಾಕ್ಷಿ ಮಾತ್ರ. ಮೊದಮೊದಲು ಅಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ನಮ್ಮಂಥವರಿಗೆ ಅದರಿಂದ ಉಪಕಾರವೇ ಆಯಿತು. ಆದರೂ ಧಣಿಗಳು ಎದುರಿನಲ್ಲಿ ಕುರ್ಚಿಯ ಮೇಲೆ ಕುಳಿತಿರುವಾಗ ಅಜ್ಜನಿಗೆ ಬಾಯಿ ಬರಲಿಲ್ಲವಂತೆ, ಅಜ್ಜಿಯೇ ಮುಂದೆ ಬಂದು ಹೇಳಿದರಂತೆ. ಇದನ್ನು ನಮ್ಮ ಮನೆಯಲ್ಲಿ ಈಗಲೂ ನಗುತ್ತ ಹೇಳುತ್ತಾರೆ. ಅಂದು ಯಾರೂ ನಕ್ಕಿರಲಾರರು.

ನಾಗನ ವಿಷಯ. ನಿಮ್ಮ ತಂಗಿಯವರಿಗೆ ಸೇವೆ ನಿಂತುಹೋಗಿದೆ ಎಂದು ಕಂಡುಬಂದಿರಬಹುದು. ಆ ಮನೆಯವರು ನಿಲ್ಲಿಸಿರುತ್ತಾರೆಂದು ನನಗೆ ಅನ್ನಿಸುವುದಿಲ್ಲ. ನಮ್ಮಲ್ಲಿ ಬನ ಧಣಿಗಳ ಕುಟುಂಬದ್ದು, ಆದರೆ ಅವರು ಹೋದ ಮೇಲೆ ಪ್ರತಿ ನಾಗರಪಂಚಮಿಗೆ ಭಟ್ಟರನ್ನು ಕರೆಸಿ ಸೀಯಾಳ, ಹಾಲು, ಅರಿಸಿನ, ಕೇದಗೆ ಒಪ್ಪಿಸಿದ್ದು ನಾವು. ಮಣ್ಣು ಉಳುವವರು ನಾವಾಗಿರುವಾಗ ಮಣ್ಣಿನೊಳಗಿರುವವನನ್ನು ಬಿಡಲಿಕ್ಕೆ ಆಗುತ್ತದೆಯೇ ಎಂದು ಅಜ್ಜಿ ಹೇಳುತ್ತಿದ್ದರು. ಹಾಗಿರುವಾಗ, ಧಣಿಗಳ ಮನೆಯವರೊಬ್ಬರು ಬೆಂಗಳೂರಿನಿಂದ ಎರಡು ಕಾರುಗಳಲ್ಲಿ ಪುರೋಹಿತರು, ಅಡುಗೆಯವರು, ವಿಡಿಯೋದವರ ಸಮೇತ ಬಂದು, ‘ನಮ್ಮ ನಾಗನಿಗೆ ಇಷ್ಟು ವರ್ಷ ಸೇವೆಯೇ ಆಗಿಲ್ಲ’ ಎಂದಾಗ ಅಪ್ಪನಿಗೆ ಆದ ಬೇಸರ ಕಡಿಮೆಯದಲ್ಲ. ಬನಕ್ಕೆ ಬಿಟ್ಟೆವು, ಊಟಕ್ಕೆ ಕುಳಿತುಕೊಳ್ಳಲಿಲ್ಲ.

ಆದುದರಿಂದ ಮೊದಲ ಸಲ ಪುರೋಹಿತರನ್ನು ಕರೆದುಕೊಂಡು ಹೋಗಬೇಡಿ. ತಂಗಿಯವರನ್ನೂ ಕರೆದುಕೊಂಡು ಹೋಗಬೇಡಿ, ಅವರ ಅವಸರವೇ ಬೇರೆ. ಒಬ್ಬರೇ ಹೋಗಿ. ನಾಗನ ಮಾತನ್ನು ಮೊದಲ ದಿನ ಎತ್ತದಿದ್ದರೆ ಇನ್ನೂ ಒಳ್ಳೆಯದು. ಏನೋ ಬೇಕಾಗಿ ಬಂದಿದ್ದಾರೆ ಎಂದು ಅವರಿಗೆ ಅನ್ನಿಸಬಾರದು. ಊರಿನ ದೊಡ್ಡವರ ಮೂಲಕ ಹೇಳಿಸುವುದಂತೂ ಬೇಡವೇ ಬೇಡ, ಅದು ಹಳೆಯ ಕಾಲದ ಕ್ರಮ. ಆಗ ಧಣಿಗಳಿಗೆ ಏನಾದರೂ ಬೇಕಿದ್ದರೆ ಹಾಗೆಯೇ ಹೇಳಿಕಳುಹಿಸುತ್ತಿದ್ದರು.

ಚಿಕ್ಕದೆಂದು ತೋರುವ ಎರಡು ಸಂಗತಿಗಳನ್ನು ಗಮನಿಸಿ. ನಿಮ್ಮ ಮನೆಯ ಮಕ್ಕಳು ಕೂಡ ನಮ್ಮಂಥ ಮನೆಗಳ ಹಿರಿಯರನ್ನು ತುಳುವಿನಲ್ಲಿ ‘ಈ’ (ನೀನು) ಎಂದೇ ಕರೆಯುತ್ತಿದ್ದರು, ಅವರು ಆ ಮಕ್ಕಳಿಗೆ ‘ಈರ್’ (ನೀವು) ಎನ್ನುತ್ತಿದ್ದರು. ಬಾಲ್ಯದ ತುಳು ನಾಲಗೆಯಲ್ಲಿ ಹಾಗೆಯೇ ಉಳಿದಿರುತ್ತದೆ, ಮಾತಿನ ಭರದಲ್ಲಿ ಹೊರಬಿದ್ದೀತು. ಎರಡನೆಯದು, ಅವರು ಎಲ್ಲಿ ಕೂರಿಸುತ್ತಾರೋ ಅಲ್ಲಿ ಕುಳಿತು, ಏನು ಕೊಡುತ್ತಾರೋ ಅದನ್ನು ತೆಗೆದುಕೊಳ್ಳಿ. ನೀರು, ಬೆಲ್ಲ ಕೊಡುತ್ತಾರೆ. ಅವರ ಮನೆಯ ನೀರನ್ನು ನಿಮ್ಮ ಅಜ್ಜ ಎಂದಾದರೂ ಕುಡಿದಿದ್ದರೇ ಎಂದು ನೆನಪು ಮಾಡಿಕೊಂಡರೆ, ಆ ಲೋಟ ಖಾಲಿಯಾಗುವುದನ್ನು ಅವರು ಏಕೆ ನೋಡುತ್ತಾರೆಂದು ನಿಮಗೆ ತಿಳಿಯುತ್ತದೆ.

ಬಾವಿಯ ಬಗ್ಗೆ ಹೇಳಲೇಬೇಕು. ಅವರಿಗೆ ಮರೆತಿರುತ್ತದೆ ಎಂದು ಭಾವಿಸಬೇಡಿ. ನೀರು ಹೊತ್ತ ಹೆಂಗಸರು ಬದುಕಿದ್ದರೆ ಮರೆತಿರುವುದಿಲ್ಲ. ಆದರೆ ಎಲ್ಲರೆದುರು ಕಣ್ಣೀರು ಹಾಕಿ ಕ್ಷಮೆ ಕೇಳಿದರೆ, ನಿಮ್ಮನ್ನು ಸಮಾಧಾನ ಮಾಡುವ ಕೆಲಸವೂ ಅವರ ಪಾಲಿಗೇ ಬರುತ್ತದೆ. ನೋಡಿದ್ದನ್ನು ನೋಡಿದಂತೆ ಹೇಳಿ: ಬೇಲಿ ಹಾಕಿಸಿದ್ದು ನನಗೆ ಗೊತ್ತು, ನೀವು ತೋಡಿನಿಂದ ನೀರು ಹೊತ್ತದ್ದನ್ನು ನಾನು ನೋಡಿದ್ದೇನೆ, ನಮ್ಮ ಮನೆಯಲ್ಲಿ ಯಾರೂ ಇದನ್ನು ಹೇಳುವುದಿಲ್ಲ ಎಂದು. ಧಣಿಗಳ ಮನೆಯಿಂದ ಬಂದ ಒಬ್ಬರು ಅಷ್ಟನ್ನು ಬಾಯಿಬಿಟ್ಟು ಹೇಳುವುದನ್ನು ನಮ್ಮ ಮನೆಯಲ್ಲಂತೂ ಯಾರೂ ಕೇಳಿಲ್ಲ.

ಉತ್ತರ: ಅಜ್ಜಿಯ ಮೊಮ್ಮಗ

ಮೇಲಿನ ಸೋದರಿ ಬರೆದುದರಲ್ಲಿ ನನಗೆ ಭಿನ್ನಾಭಿಪ್ರಾಯವಿರುವುದು ಒಂದೇ ಕಡೆ. ಆದರೆ ಅದನ್ನು ಹೇಳದಿದ್ದರೆ ಈ ಚರ್ಚೆ ಅರ್ಧವಾಗುತ್ತದೆ.

ಗೇಣಿ ಬರುತ್ತಿದ್ದ ಮನೆಗಳೆಲ್ಲ ಧಣಿಗಳ ಮನೆಗಳಾಗಿರಲಿಲ್ಲ. ನನ್ನ ಅಜ್ಜಿಯ ಗಂಡ ತೀರಿಕೊಂಡಾಗ ಅವರಿಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಜೀವನಾಂಶಕ್ಕೆಂದು ಕುಟುಂಬದವರು ಎರಡು ಎಕರೆಗೆ ತುಸು ಹೆಚ್ಚು ಗದ್ದೆ ಬಿಟ್ಟುಕೊಟ್ಟಿದ್ದರು. ಸ್ವತಃ ಉಳುಮೆ ಮಾಡಿಸುವ ಅನುಕೂಲ ಇಲ್ಲದ್ದರಿಂದ ಗೇಣಿಗೆ ಕೊಟ್ಟರು. ಬರುತ್ತಿದ್ದ ಅಕ್ಕಿಯೇ ಅವರ ಊಟ, ಮಿಕ್ಕಿದ್ದನ್ನು ಮಾರಿದರೆ ಸೀರೆ, ಔಷಧಿ. ಗೇಣಿ ಹಿಡಿದವರಿಗೆ ಸ್ವಂತ ಭೂಮಿಯೂ ಇತ್ತು, ಎತ್ತುಗಳೂ ಇದ್ದವು. 1974ರ ತಿದ್ದುಪಡಿ ಸೈನಿಕರಿಗೂ ನಾವಿಕರಿಗೂ ವಿನಾಯಿತಿ ಇಟ್ಟಿತು, ವಿಧವೆಯರಿಗೆ ಇಡಲಿಲ್ಲ. ಪರಿಹಾರವೆಂದು ಬಂದ ಹಣದಿಂದ ಅವರ ಉಳಿದ ಆಯುಷ್ಯ ಸಾಗುವಂತಿರಲಿಲ್ಲ. ಅಣ್ಣನ ಮನೆಯ ಅಡುಗೆಕೋಣೆಯಲ್ಲಿ ಸಾಗಿತು. ಉಳುವವನೇ ಹೊಲದೊಡೆಯನಾಗಬೇಕೆಂಬುದನ್ನು ನಾನು ಒಪ್ಪುತ್ತೇನೆ. 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನ ರೈತರು ಸತ್ಯಾಗ್ರಹಕ್ಕೆ ಇಳಿದದ್ದು ಗೇಣಿ ಅಳೆಯುವ ಕೊಳಗದ ಅನ್ಯಾಯದಿಂದ ಎಂಬುದನ್ನೂ ಓದಿ ಬಲ್ಲೆ. ಆದರೂ ನಮ್ಮ ಅಜ್ಜಿಗೆ ಅನ್ಯಾಯವಾಗಲಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಸುಮ್ಮನಿರುವುದಿಲ್ಲ.

ಹೀಗಾಗಿ ಪ್ರಶ್ನೆ ಕೇಳಿದವರಿಗೆ ನನ್ನ ಮಾತು ಇಷ್ಟು. ಕಾಯ್ದೆಗೋ, ಭೂಮಿಗೋ ಸಂಬಂಧಿಸಿ ನೀವು ಯಾರ ಮುಂದೆಯೂ ತಲೆ ತಗ್ಗಿಸಬೇಕಾಗಿಲ್ಲ, ಯಾರ ಮೇಲೂ ಸಿಟ್ಟಿಟ್ಟುಕೊಳ್ಳಬೇಕಾಗಿಯೂ ಇಲ್ಲ. ಅದು ಎರಡು ಮನೆಗಳ ಮೇಲೂ ಹಾದುಹೋದ ಒಂದು ಕಾಲ. ಬಾವಿಯ ಬೇಲಿ ಮಾತ್ರ ಹಾಗಲ್ಲ, ಅದನ್ನು ಸರಕಾರ ಹಾಕಿಸಲಿಲ್ಲ. ಆ ಎರಡನ್ನು ಒಂದೇ ಉಸಿರಿನಲ್ಲಿ ಹೇಳಬೇಡಿ. ‘ಆ ಕಾಲವೇ ಹಾಗಿತ್ತು’ ಎಂದು ಶುರು ಮಾಡಿ ಬಾವಿಯ ಮಾತಿಗೆ ಬಂದರೆ, ಅಜ್ಜನ ಕೈಯ ಕೆಲಸವನ್ನು ಕಾಲದ ತಲೆಗೆ ಕಟ್ಟಿದಂತಾಗುತ್ತದೆ, ಕೇಳುವವರಿಗೆ ಅದು ತಕ್ಷಣ ಗೊತ್ತಾಗುತ್ತದೆ.

ನಾವು ಮರಳಿ ಹೋದ ಅನುಭವವನ್ನೂ ಹೇಳುತ್ತೇನೆ, ಏಕೆಂದರೆ ಕೆಟ್ಟದ್ದು ಮೊದಲ ಭೇಟಿಯಲ್ಲಲ್ಲ. ಅಜ್ಜಿಯ ಗದ್ದೆ ಹಿಡಿದವರ ಮಗ ನಮ್ಮನ್ನು ಚೆನ್ನಾಗಿಯೇ ಕಂಡರು, ಬನಕ್ಕೆ ತಾವೇ ಕತ್ತಿ ಹಿಡಿದು ದಾರಿ ಬಿಡಿಸಿಕೊಟ್ಟರು. ಪಂಚಮಿಗೆ ಬರುವುದು ಅಭ್ಯಾಸವಾಯಿತು. ಆಮೇಲೆ ನಮ್ಮ ಚಿಕ್ಕಪ್ಪನ ಮಗನಿಗೆ ಹಣದ ಅನುಕೂಲವಾಗಿ, ಬನವನ್ನು ಜೀರ್ಣೋದ್ಧಾರ ಮಾಡುತ್ತೇನೆಂದು ಹೊರಟ. ಸುರಹೊನ್ನೆ, ರೆಂಜ, ಬೈನೆ, ಹಾಲೆ ಮರಗಳನ್ನು ಕಡಿಸಿ, ಸಿಮೆಂಟಿನ ಕಟ್ಟೆ, ಸುತ್ತ ಇಂಟರ್‌ಲಾಕ್, ಗೇಟು, ಗೇಟಿನ ಮೇಲೆ ಕುಟುಂಬದ ಹೆಸರಿನ ಗ್ರಾನೈಟ್ ಫಲಕ ಎಂದೆಲ್ಲ ಯೋಜನೆ ಹಾಕಿದ. ಜಾಗದವರು ಮರಕ್ಕೆ ಕೊಡಲಿ ಹಾಕಬೇಡಿ ಎಂದರು. ಬನದ ಕೆಳಗಿನ ತೋಟದ ಕೆರೆಗೆ ನೀರು ಬರುವುದು ಆ ಮರಗಳ ಬುಡದಿಂದ ಎಂಬುದು ಅವರ ನಂಬಿಕೆ. ನನ್ನ ಪ್ರಕಾರ ಅವರದೇ ಸರಿ. ಕೊಡಲಿಗಿಂತಲೂ ಫಲಕವೇ ಹೆಚ್ಚು ನೋಯಿಸಿತೆಂದು ಆಮೇಲೆ ತಿಳಿಯಿತು. ಅವರ ಜಾಗದಲ್ಲಿ ನಮ್ಮ ಹೆಸರಿನ ಕಲ್ಲು ನೆಟ್ಟರೆ, ಟ್ರಿಬ್ಯೂನಲನ್ನು ಮತ್ತೆ ಶುರು ಮಾಡಿದಂತೆ ಅವರಿಗೆ ಕಂಡದ್ದರಲ್ಲಿ ಆಶ್ಚರ್ಯವೇನು? ಈಗ ಚಿಕ್ಕಪ್ಪನ ಮಗನೊಬ್ಬನನ್ನು ಬಿಟ್ಟು ಉಳಿದವರು ಹೋಗುತ್ತೇವೆ. ಬನ ಹಾಗೆಯೇ ಇದೆ.

ತಂಗಿಯವರ ಪ್ರಶ್ನೆಯಲ್ಲಿ ಜೀರ್ಣೋದ್ಧಾರ, ಪುನಃಪ್ರತಿಷ್ಠೆ ಎಂದೇನಾದರೂ ಬಂದಿದ್ದರೆ, ಅದರ ಖರ್ಚು ಮತ್ತು ನಕ್ಷೆ ತಯಾರಾಗುವ ಮೊದಲೇ ಜಾಗದವರನ್ನು ಕೇಳಿ.

ಪ್ರತಿಕ್ರಿಯೆ: ಮುಂಬಯಿಯ ಓದುಗ

ಮೂವರಿಗೂ ಕೃತಜ್ಞ. ಸೋದರಿಯ ಉತ್ತರವನ್ನು ತಂಗಿಗೆ ಓದಿ ಹೇಳಿದೆ, ಬಾವಿಯ ವಿಷಯವೂ ಆಗಲೇ ಹೊರಬಂತು. ಅವಳು ಬಹಳ ಹೊತ್ತು ಅಜ್ಜನ ಪರವಾಗಿ ವಾದಿಸಿದಳು. ಕೊನೆಗೆ, ನಾಗನ ನೆಪ ಇಲ್ಲದಿದ್ದರೆ ನೀನು ಇದನ್ನು ಹೇಳುತ್ತಲೇ ಇರಲಿಲ್ಲವಲ್ಲ ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಅವಳ ಮನೆಯ ಸೇವೆಯನ್ನು ಸದ್ಯಕ್ಕೆ ಮುಂದೂಡಲು ಒಪ್ಪಿದ್ದಾಳೆ.

ಪಹಣಿ ನೋಡಿದೆ. ಒಟ್ಟು ಜಾಗ ಮೂರು ಹಿಸ್ಸೆಯಾಗಿದೆ. ರಸ್ತೆ ಬದಿಯದ್ದು ಬೇರೆಯವರಿಗೆ ಮಾರಾಟವಾಗಿದೆ, ಗುಡ್ಡದ ಬುಡದ್ದು ಒಬ್ಬ ಮಹಿಳೆಯ ಹೆಸರಿನಲ್ಲಿದೆ. ಹೆಸರು ನೋಡಿದರೆ ಹಿರಿಯರ ಕಿರಿಯ ಮಗಳು, ನನ್ನದೇ ತರಗತಿಯಲ್ಲಿದ್ದವರು. ತೋಡಿನಿಂದ ನೀರು ಹೊರುತ್ತಿದ್ದವರಲ್ಲಿ ಅವರೂ ಒಬ್ಬರು. ಟ್ರಿಬ್ಯೂನಲ್ ಕಡತಕ್ಕೆ ಪರಿಚಯದ ವಕೀಲರೊಬ್ಬರ ಮೂಲಕ ಅರ್ಜಿ ಹಾಕಿಸಿದ್ದೇನೆ. ಅಜ್ಜ ಏನು ಬರೆಸಿದ್ದಾರೆಂದು ಓದದೆ ಹೋಗಲು ಮನಸ್ಸು ಒಪ್ಪುತ್ತಿಲ್ಲ. ಈ ಸಲದ ನಾಗರಪಂಚಮಿಯಂದೇ ಹೋಗಬಹುದೇ ಎಂಬುದೊಂದು ಸಂದೇಹ ಉಳಿದಿದೆ. ಆ ದಿನ ಬನದಲ್ಲಿ ಹೇಗೂ ಜನರಿರುತ್ತಾರೆ, ಬಾಗಿಲು ತಟ್ಟುವ ಮುಜುಗರ ತಪ್ಪುತ್ತದೆ ಎಂಬ ಯೋಚನೆ.

ಉತ್ತರ: ಒಕ್ಕಲುಮನೆಯವಳು

ಪಂಚಮಿಯಂದು ಬೇಡ. ಆ ದಿನ ಅವರ ಮನೆಗೆ ಮದುವೆಯಾಗಿ ಹೋದ ಹೆಣ್ಣುಮಕ್ಕಳು, ಅಳಿಯಂದಿರು ಬಂದಿರುತ್ತಾರೆ. ಭಟ್ಟರು ನಾಲ್ಕಾರು ಬನಗಳಿಗೆ ಹೋಗಬೇಕಾದ ಅವಸರದಲ್ಲಿರುತ್ತಾರೆ, ಅರಿಸಿನ ಎಲೆಯ ಕಡುಬು ಒಲೆಯ ಮೇಲಿರುತ್ತದೆ. ನಿಮಗೆ ಮುಜುಗರ ತಪ್ಪುವುದೇನೋ ನಿಜ, ಅದಷ್ಟೂ ಅವರ ಪಾಲಿಗೆ ಹೋಗುತ್ತದೆ. ಹಬ್ಬದ ದಿನ ಬಂದವರನ್ನು ಏನೂ ಅನ್ನುವಂತಿಲ್ಲ. ಅನ್ನಬೇಕೆಂದಿದ್ದರೆ ಅನ್ನಲು ಅವರಿಗೆ ಅವಕಾಶವಿರಬೇಕಲ್ಲವೇ?

ಮಳೆ ಕಡಿಮೆಯಾದ ಮೇಲೆ, ಕೊಯಿಲಿನ ಗಡಿಬಿಡಿ ಇಲ್ಲದ ವಾರ ನೋಡಿ ಹೋಗಿ. ಫೋನ್ ನಂಬರ್ ಸಿಕ್ಕಿದರೆ ಮೊದಲೇ ಮಾತನಾಡಿ, ಯಾವ ಮನೆಯವರೆಂದು ಆರಂಭದಲ್ಲೇ ಹೇಳಿ. ತರಗತಿಯಲ್ಲಿ ಜೊತೆಗಿದ್ದವರು ಎಂಬ ಸಲುಗೆಯನ್ನು ನೀವಾಗಿ ತೆಗೆದುಕೊಳ್ಳಬೇಡಿ, ಅವರು ತೆಗೆದುಕೊಂಡರೆ ಒಳ್ಳೆಯದೇ. ಬರಬೇಡಿ ಎಂದು ಹೇಳುವ ಸಾಧ್ಯತೆಯೂ ಇದೆ. ಹಾಗೆ ಹೇಳಿದರೆ ಅಲ್ಲಿಗೆ ನಿಲ್ಲಿಸಿ. ಮೂಲ ಬನ ಸಿಗದವರು, ಸಿಕ್ಕಿಯೂ ಹೋಗಲಾಗದವರು ಕುಕ್ಕೆ ಸುಬ್ರಹ್ಮಣ್ಯದಲ್ಲಿ ಆಶ್ಲೇಷಾ ಬಲಿ ಮಾಡಿಸುವ ಕ್ರಮ ಎಷ್ಟೋ ಮನೆಗಳಲ್ಲಿದೆ, ತಂಗಿಯವರ ಸಮಾಧಾನಕ್ಕೆ ಅಷ್ಟು ಸಾಕಾದೀತು. ಬಾವಿಯ ಮಾತನ್ನು ಮಾತ್ರ ಆಗಲೂ ಹೇಳಬೇಕು. ಭೇಟಿಯಾಗಲು ಒಪ್ಪದಿದ್ದರೆ ಒಂದು ಕಾಗದದಲ್ಲಿ ಬರೆದು ಕಳುಹಿಸಿ, ಅದರಲ್ಲಿ ನಾಗನ ಹೆಸರು ಬೇಡ.